ನಂಜುಂಡನ ಉಂಗುರದ ಬೆರಳು

ಮೊನ್ನೆ ಸಂತೆಪೇಟೆಯಲ್ಲಿ ಹಿಮ್ಮಡಿ ಉಜ್ಜುವ ಕಲ್ಲು ಕೇಳಿದರೆ ಅಂಗಡಿಯವನು ಬೂದು ಬಣ್ಣದ ಒಂದನ್ನು ತೆಗೆದು ಮುಂದಿಟ್ಟು, "ತಗೊಳ್ಳಿ ಅಮ್ಮ, ಎಂಥಾ ಜಡ್ಡಿದ್ರೂ ಎರಡೇ ಉಜ್ಜಿಗೆ ಕಿತ್ಕೊಂಡು ಬತ್ತದೆ" ಎಂದ. ನಾನು ಕಲ್ಲನ್ನು ಅಲ್ಲೇ ಬಿಟ್ಟು ಮನೆಗೆ ಬಂದೆ.

"ಕಲ್ಲು ತರೋಕೆ ಹೋದವಳು ಬರಿಗೈಲಿ ಬಂದೆಯಲ್ಲ?" ಎಂದರು ನಮ್ಮ ಯಜಮಾನರು.

"ಕಲ್ಲು ಚೆನ್ನಾಗಿತ್ತು. ಅದಕ್ಕೇ ತರಲಿಲ್ಲ."

ಇಪ್ಪತ್ತೈದು ವರ್ಷ ಸಂಸಾರ ಮಾಡಿದ ಗಂಡಸರು ಇಂಥ ಉತ್ತರಕ್ಕೆ ಮರುಪ್ರಶ್ನೆ ಹಾಕುವುದಿಲ್ಲ. ಅವರು ಹಾಕಲಿಲ್ಲ. ಅಂಗಡಿಯವನ ಮಾತು ಮಾತ್ರ ನನ್ನ ಹಿಂದೆಯೇ ಲಷ್ಕರ್ ಮೊಹಲ್ಲಾದ ನಮ್ಮ ಮನೆವರೆಗೂ ನಡೆದು ಬಂದು ಅಡುಗೆಮನೆಯಲ್ಲಿ ಕೂತುಬಿಟ್ಟಿತು. ಅದನ್ನು ಎಬ್ಬಿಸಿ ಕಳಿಸಲು ಈ ಬರವಣಿಗೆ.

ಬರೆಯುವುದೆಂದರೆ ನನಗೆ ಸ್ವಲ್ಪ ಸಂಕೋಚ. ನಾನು ಓದಿದ್ದು ನಾಲ್ಕನೇ ಕ್ಲಾಸು. ಹತ್ತು ವರ್ಷದವಳಿದ್ದಾಗ ನಮ್ಮವ್ವ ತೀರಿಕೊಂಡಳು. ತಮ್ಮ ನಂಜುಂಡನಿಗೆ ಆಗಷ್ಟೇ ವರ್ಷ ತುಂಬಿತ್ತು. ನಮ್ಮಪ್ಪ ಇಲವಾಲದಿಂದ ಹುಲ್ಲಿನ ಗಾಡಿ ಹೊಡೆದುಕೊಂಡು ಮೈಸೂರಿಗೆ ಬಂದು ಇಲ್ಲೇ ನಿಂತವನು. ಅವನು ಗಾಡಿ ಹೊಡೆಯಬೇಕಿತ್ತು, ಯಾರಾದರೂ ಮಗು ನೋಡಿಕೊಳ್ಳಬೇಕಿತ್ತು. ನಾನು ಸ್ಲೇಟನ್ನು ಗೂಟಕ್ಕೆ ನೇತುಹಾಕಿ ತಮ್ಮನನ್ನು ಸೊಂಟಕ್ಕೆ ಏರಿಸಿಕೊಂಡೆ. ಅವನು ಇಳಿಯುವ ಹೊತ್ತಿಗೆ ಸ್ಲೇಟು ಒಡೆದುಹೋಗಿತ್ತು. ಮುಂದಿನ ವಿದ್ಯೆಯೆಲ್ಲ ಮದುವೆಯಾಗಿ, ತಮ್ಮನನ್ನೂ ಕರೆದುಕೊಂಡು ಈ ಮನೆಗೆ ಬಂದ ಮೇಲೆ ಬಂದದ್ದು. ಯಜಮಾನರು ಅಗ್ರಹಾರದ ಒಂದು ಛಾಪಖಾನೆಯಲ್ಲಿ ಅಕ್ಷರದ ಮೊಳೆ ಜೋಡಿಸುವವರು. ಅವರು ತರುತ್ತಿದ್ದ ರದ್ದಿ ಪ್ರೂಫುಗಳನ್ನು ಒಲೆಗೆ ಹಾಕುವ ಮೊದಲು ಓದುತ್ತಿದ್ದೆ. ಲಗ್ನಪತ್ರಿಕೆ, ವೈಕುಂಠ ಸಮಾರಾಧನೆಯ ಕಾರ್ಡು, ಹಲ್ಲುಪುಡಿಯ ಜಾಹೀರಾತು, ಇವೇ ನನ್ನ ಸಾಹಿತ್ಯ. ನಡುವೆ ಎಲ್ಲಾದರೂ ನಿಮ್ಮನ್ನು ಸಕುಟುಂಬ ಸಪರಿವಾರ ಸಮೇತ ದಯಮಾಡಿಸಿ ಎಂದುಬಿಟ್ಟರೆ ಕ್ಷಮಿಸಬೇಕು.

ಈಗ ನಂಜುಂಡನ ವಿಷಯ. ನಂಜುಂಡ ಬೌಲರು. ಕ್ರಿಕೆಟ್ಟಿನಲ್ಲಿ ಚೆಂಡು ಎಸೆಯುವವನು. "ಎಸೆಯೋದಲ್ಲ ಅಕ್ಕ, ಹಾಕೋದು" ಎಂದು ಅವನು ನನ್ನನ್ನು ನೂರು ಸಲ ತಿದ್ದಿದ್ದಾನೆ. ಹಾಕುವುದಾದರೆ ಸೊಪ್ಪಿಗೂ ಒಗ್ಗರಣೆ ಹಾಕುತ್ತಾರಪ್ಪ ಎಂದು ನಾನೂ ನೂರು ಸಲ ಹೇಳಿದ್ದೇನೆ. ಸ್ವಾತಂತ್ರ್ಯ ಬಂದ ವರ್ಷ ಅವನಿಗೆ ಹದಿನೈದು. ಊರೆಲ್ಲ ಬಾವುಟ ಹಿಡಿದು ಓಡಾಡುತ್ತಿದ್ದರೆ ಇವನು ನಮ್ಮ ಗಲ್ಲಿಯಲ್ಲಿ ಬೇಲದ ಕಾಯಿ ಹಿಡಿದು ನಿಂತಿದ್ದ. ಕಾಯಿ ಅವನ ಕೈಯಿಂದ ಹೊರಟು ನೆಟ್ಟಗೆ ಪಕ್ಕದ ಮನೆಯ ಬಾಗಿಲ ಕಡೆ ಹೋಗುತ್ತಿತ್ತು. ನೆಲ ಮುಟ್ಟಿದೊಡನೆ ಏನೋ ಮರೆತುಬಂದವರಂತೆ ಸರಕ್ಕನೆ ತಿರುಗಿ ನಮ್ಮ ನೀರಿನ ಗಡಿಗೆಗೇ ಬಂದು ಬಡಿಯುತ್ತಿತ್ತು. ನಾಲ್ಕು ಗಡಿಗೆ ಒಡೆದ ಮೇಲೆ ಅದು ವಿದ್ಯೆ ಎಂದು ನನಗೆ ಗೊತ್ತಾಯಿತು. ಅಲ್ಲಿಯವರೆಗೂ ಕೊಬ್ಬು ಅಂದುಕೊಂಡಿದ್ದೆ.

ಆ ವಿದ್ಯೆ ನೋಡಿಯೇ ಮುಂದೆ ಒಂದು ಮಿಲ್ಲಿನವರು ಅವನನ್ನು ಕರೆದುಕೊಂಡರು. ಕರೆದುಕೊಂಡದ್ದು ಬದ್ಲಿಯಾಗಿ. ಮಿಲ್ಲಿನಲ್ಲಿ ಖಾಯಂ ಜನ ಇರುತ್ತಾರೆ. ಅವರ ಹೊರಗೆ ಬದ್ಲಿಗಳು. ಬೆಳಿಗ್ಗೆ ಮಿಲ್ಲಿನ ಸೈರನ್ ಕೂಗುವ ಮೊದಲು ಬದ್ಲಿಗಳು ಗೇಟಿನ ಹತ್ತಿರ ಹೋಗಿ ನಿಲ್ಲಬೇಕು. ಖಾಯಂ ಆದವನೊಬ್ಬನಿಗೆ ಜ್ವರವೋ, ಭೇದಿಯೋ, ನೆಂಟರ ಸಾವೋ ಆದರೆ ಇವರಲ್ಲೊಬ್ಬನನ್ನು ಒಳಗೆ ಕರೆಯುತ್ತಾರೆ. ಎಲ್ಲರೂ ಗಟ್ಟಿಮುಟ್ಟಾಗಿದ್ದರೆ ಬದ್ಲಿಗಳು ಮನೆಗೆ ಬಂದು ಮುದ್ದೆ ಉಣ್ಣಬೇಕು. ಪರರ ಭೇದಿಯ ಮೇಲೆ ನಿಂತ ಬದುಕು. ನಮ್ಮ ಮನೆಯಲ್ಲಿ ಮಿಲ್ಲಿನ ಯಾರಿಗಾದರೂ ಹುಷಾರಿಲ್ಲ ಎಂಬ ಸುದ್ದಿ ಬಂದರೆ ಮೇಲೆ "ಅಯ್ಯೋ ಪಾಪ" ಎನ್ನುತ್ತ ಒಳಗೆ ಬುತ್ತಿ ಕಟ್ಟುತ್ತಿದ್ದೆ.

ಮೈದಾನದಲ್ಲೂ ಅವನ ಕೆಲಸ ಇಂಥದೇ. ಮಿಲ್ಲಿನ ತಂಡಕ್ಕೆ ನಾಯಕರು ವೀವಿಂಗ್ ಮಾಸ್ಟರು. ಆಟ ಬರುತ್ತಿತ್ತು ಎಂದಲ್ಲ, ನೇಯ್ಗೆ ಖಾತೆ ಅವರ ಕೈಯಲ್ಲಿತ್ತು ಎಂದು. ಮೊದಲು ಚೆಂಡು ಹಾಕುವವರು ಇಬ್ಬರು ಖಾಯಂ ಗುಮಾಸ್ತರು. ಅವರು ದೂರದಿಂದ ಓಡಿ ಬಂದು, ಗುಡುಗಿ, ಏದುಸಿರು ಬಿಟ್ಟು, ಎದುರಿನವರಿಂದ ಚೆನ್ನಾಗಿ ಹೊಡೆಸಿಕೊಂಡು, ಸುಸ್ತಾದ ಮೇಲೆ ಮಾಸ್ಟರು ಸುತ್ತಮುತ್ತ ನೋಡಿ, ಬೇರೆ ದಾರಿಯೇ ಇಲ್ಲವೆಂದಾದಾಗ, "ಎಲ್ಲಯ್ಯಾ ಆ ಬದ್ಲಿ?" ಎಂದು ಕೂಗುತ್ತಿದ್ದರು. ನಂಜುಂಡ ಪಂಚಾಯ್ತಿಗೆ ಬಂದ ಹಿರಿಯನ ಹಾಗೆ ನಾಲ್ಕು ಹೆಜ್ಜೆ ನಡೆದು ಬಂದು ಚೆಂಡು ಹಾಕುತ್ತಿದ್ದ. ಎದುರಿನವರು ಒಬ್ಬೊಬ್ಬರಾಗಿ ಔಟಾಗಿ ಹೋಗುತ್ತಿದ್ದರು. ಮರುದಿನ ಬೆಳಿಗ್ಗೆ, ಪಂದ್ಯ ಗೆಲ್ಲಿಸಿದವನು ಮತ್ತೆ ಗೇಟಿನ ಹೊರಗೆ. ಸೋಲುತ್ತಿದ್ದ ಗುಮಾಸ್ತರು ಒಳಗೆ, ಫ್ಯಾನಿನ ಕೆಳಗೆ.

ಈ ಎಲ್ಲ ವಿದ್ಯೆಯೂ ಬಲಗೈಯ ಉಂಗುರದ ಬೆರಳಿನಲ್ಲಿತ್ತು. ಚೆಂಡನ್ನು ತಿರುಗಿಸುವುದು ಆ ಬೆರಳು. ಚೆಂಡಿನ ಹೊಲಿಗೆ ಉಜ್ಜಿ ಉಜ್ಜಿ ಮೇಲಿನ ಗೆಣ್ಣಿನ ಪಕ್ಕದಲ್ಲಿ ಒಂದು ಜಡ್ಡು ಬೆಳೆದಿತ್ತು. ಹುಣಸೆ ಬೀಜದಷ್ಟು ದಪ್ಪ, ಹೆಚ್ಚು ಕಡಿಮೆ ಅದೇ ಬಣ್ಣ. ಜಡ್ಡಿಲ್ಲದ ಬೆರಳಲ್ಲಿ ನಾರಿನ ಚಾಪೆಯ ಮೇಲೆ ಹಾಗೆ ಚೆಂಡು ತಿರುಗಿಸಿದರೆ ನಾಲ್ಕನೇ ಸಲಕ್ಕೆ ಚರ್ಮ ಕಿತ್ತುಬರುತ್ತದೆ ಎಂದು ಅವನು ಹೇಳುತ್ತಿದ್ದ. (ಮಿಲ್ಲಿನವರು ಮೈದಾನದ ನಡುವೆ ಉದ್ದಕ್ಕೆ ತೆಂಗಿನ ನಾರಿನ ಚಾಪೆ ಹಾಸಿ ಮೊಳೆ ಹೊಡೆಯುತ್ತಿದ್ದರು. ಅಷ್ಟು ಚೆಂದದ ಚಾಪೆ ಹಾಸಿ ಯಾರನ್ನೂ ಅದರ ಮೇಲೆ ಕೂರಿಸದ ಸಮಾರಂಭವನ್ನು ನಾನು ಅಲ್ಲೇ ಮೊದಲು ನೋಡಿದ್ದು.) ದಿನಾ ಸಂಜೆ ಅವನು ಬಟ್ಟಲಲ್ಲಿ ಪಟಿಕದ ನೀರು ಮಾಡಿಕೊಂಡು ಬೆರಳನ್ನು ಅದ್ದಿ ಕೂರುತ್ತಿದ್ದ, ಗಟ್ಟಿಯಾಗಲಿ ಎಂದು. ಗಲ್ಲಿಯವರು ಬಂದು ಅದನ್ನು ಮುಟ್ಟಿ ನೋಡಿ ಹೋಗುತ್ತಿದ್ದರು. ಎದುರುಮನೆಯ ದರ್ಜಿ ಸಾಬರು "ಏನ್ ನಂಜುಂಡಪ್ಪ, ಬೆರಳು ಆರಾಮಾ?" ಎಂದೇ ಮಾತು ಶುರು ಮಾಡುತ್ತಿದ್ದರು. ಮಿಕ್ಕ ನಂಜುಂಡಪ್ಪ ಹೇಗಿದ್ದಾನೆ ಎಂದು ಕೇಳಿದ್ದಿಲ್ಲ.

ಆ ವರ್ಷ ಅವನಿಗೆ ಇಪ್ಪತ್ತಮೂರು. ಬೆಂಗಳೂರಿನ ಒಂದು ಕಾರ್ಖಾನೆಯ ತಂಡ ಭಾನುವಾರ ಆಡಲು ಬರುವುದಿತ್ತು. ವೀವಿಂಗ್ ಮಾಸ್ಟರು ನಂಜುಂಡನನ್ನು ಕರೆದು, "ಇದೊಂದು ಗೆಲ್ಲಿಸ್ಕೊಡಯ್ಯ, ಸೋಮವಾರ ನಿನ್ನ ಹೆಸರು ಖಾಯಂ ಪಟ್ಟಿಗೆ ಸೇರಿಸ್ತೀನಿ" ಎಂದಿದ್ದರು. ಅದನ್ನು ಅವನು ಮನೆಗೆ ಬಂದು ಮೂರು ಸಲ ಹೇಳಿದ. ಅಂದಿನಿಂದ ಅವನು ನೀರು ಸೇದಲಿಲ್ಲ, ಕಟ್ಟಿಗೆ ಸೀಳಲಿಲ್ಲ, ಮೂಟೆ ಇಳಿಸಲಿಲ್ಲ. ನಾನು ಬಿಂದಿಗೆ ಎತ್ತಿ ಬರುವಾಗ ಬಾಗಿಲಲ್ಲಿ ನಿಂತು, "ಅಕ್ಕ, ತಪ್ಪು ತಿಳ್ಕೋಬ್ಯಾಡ ಕಣಮ್ಮ, ಬೆರಳು" ಎನ್ನುತ್ತಿದ್ದ.

"ಬೆರಳು ಒಳಗೆ ಮಲಗಿರ್ಲಿ, ನೀನು ಬಂದು ಇಳಿಸು" ಎಂದರೆ ನಗುತ್ತಿದ್ದ.

ಆ ವಾರವೇ ಗುರುವಾರ ಇಲವಾಲದ ಕಡೆಯಿಂದ, ನಂಜುಂಡನಿಗೆ ನೋಡಿದ್ದ ಹೆಣ್ಣಿನ ಸೋದರತ್ತೆ ಹುಡುಗನನ್ನು ನೋಡಲು ಬಂದಳು. ತಂದೆ ಇಲ್ಲದ ಹುಡುಗಿ, ಮಾತೆಲ್ಲ ಈ ಅತ್ತೆಯದೇ. ಗಟ್ಟಿ ಹೆಂಗಸು, ಹೊಲದಲ್ಲಿ ಗೇಯ್ದವಳು. ನಂಜುಂಡ ಕಾಫಿ ಲೋಟ ತೆಗೆದುಕೊಳ್ಳಲು ಕೈ ಚಾಚಿದ. ಆಕೆ ಲೋಟ ಬಿಟ್ಟು ಕೈಯನ್ನೇ ಹಿಡಿದು, ಅಂಗೈ ಮೇಲೆ ಮಾಡಿ, ಆ ಬೆರಳನ್ನು ಹೆಬ್ಬೆಟ್ಟಿನಿಂದ ಒತ್ತಿ ನೋಡಿ, "ಇದೇನವ್ವ, ಇದೊಂದು ಬೆರಳು ಮಾತ್ರ ಇಂಗೈತಲ್ಲ?" ಎಂದಳು.

ನನಗೆ ನೆಲ ಬಾಯಿಬಿಟ್ಟರೆ ಸಾಕು ಎನ್ನಿಸಿತು. "ಅದೇನಿಲ್ಲ ಕಣಮ್ಮ, ಓಗ್ಬುಡ್ತದೆ" ಎಂದೆ.

"ಓಗ್ಬುಡ್ತದಾ?" ಎಂದು ಆಕೆ ನನ್ನ ಮುಖ ನೋಡಿದಳು. "ಮಂಗಳವಾರ ಬತ್ತೀನಿ. ಮಾತು ಮುಗಿಸ್ಬುಡಾನ" ಎಂದು ಎದ್ದಳು. ಇವನಿಗೆ ಏನೋ ಚರ್ಮದ ಕಾಯಿಲೆ ಎಂದು ಆಕೆ ತಿಳಿದಳು ಎಂದು ನಾನು ತಿಳಿದೆ.

ಶನಿವಾರ ಎಣ್ಣೆಸ್ನಾನ. ನಮ್ಮಲ್ಲಿ ಗಂಡಸರಿಗೆ ಶನಿವಾರವೇ. ನಂಜುಂಡ ಬೇಡವೆಂದ. "ಹದಿನೈದು ದಿನದಿಂದ ತಲೆ ಎಣ್ಣೆ ಕಂಡಿಲ್ಲ, ಮೈ ಉಷ್ಣ ಆಗಿದೆ, ನಾಳೆ ಬಿಸಿಲಲ್ಲಿ ನಿಲ್ಲಬೇಕು" ಎಂದು ನಾನು ಒಪ್ಪಿಸಿದೆ. ಯಜಮಾನರು ಪ್ರೆಸ್ಸಿಗೆ ಹೊರಟವರು ಹೊಸ್ತಿಲಲ್ಲಿ ನಿಂತು, "ಬೆರಳಿಗೆ ಎಣ್ಣೆ ತಾಗಿಸೀಯ ಕಣೇ, ಅದು ಊರಿನ ಆಸ್ತಿ" ಎಂದು ಹೇಳಿಯೇ ಹೋದರು. ನಾನು ಹರಳೆಣ್ಣೆ ಬೆಚ್ಚಗೆ ಮಾಡಿ ತಲೆಗೆ ತಟ್ಟಿ, ಹಂಡೆಯ ನೀರು ಹೊಯ್ದು, ಸೀಗೆಪುಡಿ ಹಾಕಿ ಉಜ್ಜಿದೆ. ಅಷ್ಟೂ ಹೊತ್ತು ನಂಜುಂಡ ಬಲಗೈಯನ್ನು ಮೇಲೆತ್ತಿ ಹಿಡಿದಿದ್ದ, ಕೋರ್ಟಿನಲ್ಲಿ ಪ್ರಮಾಣ ಮಾಡುವವನ ಹಾಗೆ. ಕಣ್ಣಿಗೆ ಸೀಗೆ ಹೋದರೂ ಇಳಿಸಲಿಲ್ಲ.

ಎಣ್ಣೆಸ್ನಾನ ಆದಮೇಲೆ ಕಂಬಳಿ ಹೊದ್ದು ಮಲಗಿ ಬೆವರಬೇಕು. ಅವನು ಮಲಗಿದ. ಹರಳೆಣ್ಣೆಯ ನಿದ್ದೆ ಎಂದರೆ ಪಕ್ಕದಲ್ಲಿ ಮದ್ದಳೆ ಬಾರಿಸಿದರೂ ಏಳದ ನಿದ್ದೆ. ಬಲಗೈ ಕಂಬಳಿಯ ಹೊರಗೆ ಚಾಚಿಕೊಂಡಿತ್ತು.

ನಾನು ಬಚ್ಚಲಿನಿಂದ ಹಿಮ್ಮಡಿ ಉಜ್ಜುವ ಕಲ್ಲು ತಂದೆ. ಬಟ್ಟಲಲ್ಲಿ ಮಿಕ್ಕಿದ್ದ ಬೆಚ್ಚಗಿನ ಎಣ್ಣೆಯನ್ನು ಜಡ್ಡಿಗೆ ಹಚ್ಚಿ, ಒದ್ದೆ ಬಟ್ಟೆ ಸುತ್ತಿ, ಅನ್ನ ಬಸಿಯುವಷ್ಟು ಹೊತ್ತು ಬಿಟ್ಟು, ಮೆಲ್ಲಗೆ ಉಜ್ಜಿದೆ. ಎಷ್ಟು ಸುಲಭವಾಗಿ ಬಂತೆಂದರೆ ನನಗೇ ಆಶ್ಚರ್ಯ. ಎಂಟು ವರ್ಷದ ಸಂಪಾದನೆ ಬೂದಿಯಂತೆ ಉದುರಿತು. ಕೆಳಗೆ ಎಳೆ ಮಗುವಿನ ಬೆರಳಿನಂಥ ಬೆರಳು ಬಂತು. ಕಸವನ್ನು ಮಡಿಲಿಗೆ ಗುಡಿಸಿಕೊಂಡು ಒಲೆಗೆ ಹಾಕಿ ಬಂದೆ.

ಮದುವೆ ಮುರಿಯಬಾರದು ಎಂದು ಮಾಡಿದೆ. ಇದು ಅರ್ಧ ನಿಜ. ಇನ್ನರ್ಧ ಹೇಳುತ್ತೇನೆ. ನನ್ನ ಎರಡು ಅಂಗೈಯಲ್ಲೂ ಜಡ್ಡಿದ್ದವು. ರಾಗಿ ಬೀಸುವ ಕಲ್ಲಿನ ಗೂಟ ಹಿಡಿದು ಹಿಡಿದು ಬೆರಳುಗಳ ಬುಡಕ್ಕೆಲ್ಲ ಅವರೆಕಾಳು ಜೋಡಿಸಿದ ಹಾಗೆ ಸಾಲಾಗಿ ಎದ್ದಿದ್ದವು. ಅವನ ಒಂದು ಬೆರಳು ಮಿಲ್ಲನ್ನು ಗೆಲ್ಲಿಸಿದ್ದರೆ ನನ್ನವು ಅವನನ್ನು ಇಪ್ಪತ್ತೆರಡು ವರ್ಷ ಸಾಕಿದ್ದವು. ದರ್ಜಿ ಸಾಬರು ಒಂದು ದಿನವೂ ಎದುರುಮನೆಯಿಂದ ಅವುಗಳ ಆರೋಗ್ಯ ವಿಚಾರಿಸಿರಲಿಲ್ಲ. ಗಂಡ ಅವುಗಳನ್ನು ಊರಿನ ಆಸ್ತಿ ಎಂದಿರಲಿಲ್ಲ. ಕಲ್ಲನ್ನು ಕೈಗೆ ತೆಗೆದುಕೊಂಡಾಗ ಮನಸ್ಸಿನಲ್ಲಿ ಇಲವಾಲದ ಸೋದರತ್ತೆ ಇದ್ದಳು. ಉಜ್ಜುತ್ತಾ ಉಜ್ಜುತ್ತಾ ಆಕೆ ಎದ್ದುಹೋದಳು. ನಾನು ಉಜ್ಜುವುದನ್ನು ನಿಲ್ಲಿಸಲಿಲ್ಲ.

ಮೂರು ಗಂಟೆಗೆ ನಂಜುಂಡ ಎದ್ದ. ನಾನು ಅಕ್ಕಿ ಆರಿಸುತ್ತಿದ್ದೆ.

"ಅಕ್ಕಾ! ಇಲ್ನೋಡಕ್ಕ! ಜಡ್ಡು ಎಲ್ಲೋಯ್ತು?"

"ನೆಂದು ಉದುರೋಗಿರ್ಬೇಕು ಕಣೋ. ಬಿಸ್ನೀರು ನೋಡು" ಎಂದೆ. ತಲೆ ಎತ್ತಲಿಲ್ಲ.

"ಕೈ ಮ್ಯಾಲೆತ್ತಿದ್ನಲ್ಲಕ್ಕ!"

"ಮ್ಯಾಲೆತ್ತಿದ್ರೇನು, ಎಣ್ಣೆ ಇಳೀದೆ ಇರ್ತದಾ?"

ಎಣ್ಣೆ ಮೇಲಕ್ಕೆ ಇಳಿಯುವುದಿಲ್ಲ ಎಂಬುದನ್ನು ಆ ಕ್ಷಣ ನಾವಿಬ್ಬರೂ ಯೋಚಿಸಲಿಲ್ಲ. ಅವನು ಗೋಡೆಗೆ ಒರಗಿ ಕುಳಿತು ಬೆರಳನ್ನೇ ನೋಡಿದ. "ನಂದೇ ತಪ್ಪು. ಸ್ನಾನ ಬ್ಯಾಡ ಅಂತ ಗಟ್ಟಿಯಾಗಿ ಹೇಳ್ಬೇಕಾಗಿತ್ತು. ನೀನು ಪಾಪ ಒಳ್ಳೇದಕ್ಕೇ ಮಾಡ್ದೆ" ಎಂದ. ಆಗ ಹೇಳಬಹುದಾಗಿತ್ತು. ನಾನು ಎದ್ದು ಹೋಗಿ ಪಟಿಕದ ನೀರು ಮಾಡಿಕೊಟ್ಟೆ.

ಭಾನುವಾರ ಮಧ್ಯಾಹ್ನ ಬುತ್ತಿ ತೆಗೆದುಕೊಂಡು ನಾನೂ ಯಜಮಾನರೂ ಮೈದಾನಕ್ಕೆ ಹೋದೆವು. ಮರದ ಕೆಳಗೆ ಕುಳಿತೆವು. ಖಾಯಂ ಗುಮಾಸ್ತರಿಬ್ಬರೂ ಪದ್ಧತಿಯಂತೆ ಓಡಿ ಬಂದು ಪದ್ಧತಿಯಂತೆ ಹೊಡೆಸಿಕೊಂಡರು. ಬೆಂಗಳೂರಿನವರಿಗೆ ಇನ್ನು ನಲವತ್ತು ರನ್ನು ಬೇಕು, ಐದು ಜನ ಔಟಾಗಬೇಕು ಎಂದು ಯಜಮಾನರು ಹೇಳಿದಾಗ ಮಾಸ್ಟರು ಬದ್ಲಿಯನ್ನು ಕೂಗಿದರು.

ನಂಜುಂಡನ ಮೊದಲ ಚೆಂಡು ನೆಟ್ಟಗೆ ಹೋಗಿ ನೆಲ ಮುಟ್ಟಿ ಸರಕ್ಕನೆ ತಿರುಗಿತು. ಹೊಡೆಯುವವನು ಗಾಳಿಗೆ ಹೊಡೆದ. ಜನ ಹೋ ಎಂದರು. ಎರಡನೆಯ ಓವರಿನಲ್ಲಿ ಒಬ್ಬ ಔಟಾದ. ನನಗೆ ಉಸಿರು ಬಂತು. ಜಡ್ಡಿಗೂ ವಿದ್ಯೆಗೂ ಸಂಬಂಧವಿಲ್ಲ, ಎಲ್ಲ ಗಂಡಸರ ಬಡಾಯಿ ಎಂದು ಯಜಮಾನರಿಗೆ ಹೇಳಿದೆ.

ಆಮೇಲೆ ಚೆಂಡು ತಿರುಗುವುದು ನಿಂತಿತು. ಅವನು ಒಂದೊಂದು ಚೆಂಡು ಹಾಕಿದ ಮೇಲೂ ಕೈಯನ್ನು ಪ್ಯಾಂಟಿಗೆ ಒರೆಸುತ್ತಿದ್ದ. ಚೆಂಡು ಕೆಂಪು. ಆದ್ದರಿಂದ ಯಾರಿಗೂ ಏನೂ ಕಾಣಲಿಲ್ಲ. ಬೆಂಗಳೂರಿನವರು ಕಣ್ಣು ಮುಚ್ಚಿಕೊಂಡು ಹೊಡೆಯತೊಡಗಿದರು. ಒಂದು ಚೆಂಡು ನಮ್ಮ ಮರಕ್ಕೇ ಬಂದು ಬಡಿಯಿತು. ಮಾಸ್ಟರು ಅವನ ಹತ್ತಿರ ಹೋಗಿ ಏನೋ ಕೇಳಿದರು. ಅವನು ಕೈಯನ್ನು ಹಿಂದೆ ಕಟ್ಟಿಕೊಂಡು ತಲೆಯಾಡಿಸಿದ. ಮತ್ತೆ ಅವನೇ ಹಾಕಿದ. ಬಿಸಿಲು ಇಳಿಯುವ ಮೊದಲೇ ಪಂದ್ಯ ಮುಗಿಯಿತು.

ಚಾಪೆಯ ಮೊಳೆ ಕೀಳುತ್ತಿದ್ದ ಕಡೆ ನಿಂತು ಮಾಸ್ಟರು ಎಲ್ಲರಿಗೂ ಕೇಳುವಂತೆ, "ನಿನ್ನ ನಂಬಿ ಕೆಟ್ಟೆ ಕಣಯ್ಯ" ಎಂದರು.

"ತಪ್ಪಾಯ್ತು ಸಾರ್" ಎಂದ ನಂಜುಂಡ. ಬೆರಳಿನ ಸುದ್ದಿ ಎತ್ತಲಿಲ್ಲ. ಎತ್ತಿದರೆ ಎಣ್ಣೆಸ್ನಾನದ ಸುದ್ದಿ ಬರುತ್ತಿತ್ತು, ಅಕ್ಕನ ಹೆಸರು ಬರುತ್ತಿತ್ತು. ಇದನ್ನು ಆಮೇಲೆ ಅವನೇ ಯಜಮಾನರಿಗೆ ಹೇಳಿದನಂತೆ. ಸೋಮವಾರ ಪ್ಯಾಂಟು ಒಗೆಯುವಾಗ ಬಲತೊಡೆಯ ಮೇಲಿನ ಕಲೆ ಚೆಂಡಿನ ಬಣ್ಣವಲ್ಲ ಎಂದು ನನಗೆ ಗೊತ್ತಾಯಿತು. ಚೆಂಡಿನ ಬಣ್ಣ ಕಲ್ಲಿಗೆ ಬಡಿದರೆ ಹೋಗುತ್ತದೆ. ಇದಕ್ಕೆ ತಣ್ಣೀರಿನಲ್ಲಿ ಉಪ್ಪು ಹಾಕಿ ನೆನೆಸಬೇಕಾಯಿತು.

ಮಂಗಳವಾರ ಸೋದರತ್ತೆ ಬಂದಳು. ಬಂದವಳು ಬೆಲ್ಲ ನೀರು ಮುಟ್ಟುವ ಮೊದಲೇ ನಂಜುಂಡನ ಕೈ ಹಿಡಿದಳು. ಬೆರಳಿಗೆ ಬಟ್ಟೆ ಸುತ್ತಿತ್ತು. ಬಿಚ್ಚಿಸಿ ನೋಡಿದಳು. "ಆ ಗಂಟು ಎಲ್ಲವ್ವ?"

"ಓಯ್ತು ಕಣಮ್ಮ. ನಾನು ಹೇಳ್ಲಿಲ್ವ?" ಎಂದೆ, ಬಹುಮಾನಕ್ಕೆ ಕಾದವಳಂತೆ.

"ಅಯ್ಯೋ ಶಿವನೆ, ಅದೊಂದು ನೋಡೇ ನಾನು ಒಪ್ಕಂಡಿದ್ದು. ಪ್ಯಾಟೆ ಐಕಳ ಕೈ ಅಂದ್ರೆ ಬೆಣ್ಣೆ ಮುದ್ದೆ. ಈ ಹೈದನ್ದು ಒಂದು ಬೆರಳಾದ್ರೂ ಗೇಯ್ಮೆ ಕಂಡೈತೆ ಅನ್ಕಂಡಿದ್ದೆ. ಅದನ್ನೂ ಕಳ್ಕಂಡವ್ನೆ." ಹಾಗೆನ್ನುತ್ತ ಬೆಲ್ಲ ತೆಗೆದುಕೊಳ್ಳಲು ನನ್ನ ಕಡೆ ಕೈ ಚಾಚಿದವಳು ನನ್ನ ಅಂಗೈ ನೋಡಿ, "ನೋಡು, ಕೈ ಅಂದ್ರೆ ಇದು" ಎಂದಳು. ಹುಟ್ಟಿದಾಗಿನಿಂದ ಕಾದಿದ್ದ ಹೊಗಳಿಕೆ. ಬಂದ ಹೊತ್ತು ನೋಡಿ. ಹುಡುಗಿಯನ್ನು ಹುಣಸೂರಿನಲ್ಲಿ ಸೈಕಲ್ ಷಾಪಿನವನಿಗೆ ಕೊಟ್ಟರು.

ನಂಜುಂಡ ಇನ್ನೂ ಆರು ವರ್ಷ ಗೇಟಿನ ಹೊರಗೆ ನಿಂತ. ಜಡ್ಡು ಮತ್ತೆ ಬೆಳೆಯಿತು, ಮಾಸ್ಟರ ಮಾತು ಬೆಳೆಯಲಿಲ್ಲ. ಭಾನುವಾರ ಯಾರು ಕರೆದರೂ ಹೋಗಿ ಚೆಂಡು ಹಾಕಿ ಬರುತ್ತಿದ್ದ. ಸೋಲುವ ತಂಡಗಳೆಲ್ಲ ಅವನ ವಿಳಾಸ ಇಟ್ಟುಕೊಂಡಿದ್ದವು. ಕೊನೆಗೆ ಒಂದು ಬಸ್ಸಿನಲ್ಲಿ ಕಂಡಕ್ಟರಾದ. ಅಲ್ಲೂ ಮೊದಲ ನಾಲ್ಕು ವರ್ಷ ಬೇರೆ ಯಾರಾದರೂ ಬಾರದ ದಿನ ಮಾತ್ರ. ಈಗ ಮದುವೆಯಾಗಿದೆ, ಎರಡು ಹೆಣ್ಣುಮಕ್ಕಳಿದ್ದಾರೆ. ಅವನ ಮನೆಯಲ್ಲಿ ಒಂದೇ ಒಂದು ಕಟ್ಟಳೆ. ಯಾರಿಗೂ ಎಣ್ಣೆಸ್ನಾನವಿಲ್ಲ. ದೀಪಾವಳಿಗೂ ಇಲ್ಲ. ಎಣ್ಣೆ ಬಿಸಿನೀರು ಸೇರಿದರೆ ಮನುಷ್ಯನ ಬದುಕು ನೆಂದು ಉದುರುತ್ತದೆ ಎಂಬುದು ಅವನ ಸಿದ್ಧಾಂತ. ಆ ಮಕ್ಕಳ ತಲೆ ನೋಡಿದರೆ ತೆಂಗಿನ ಕತ್ತದ ಉಂಡೆ. ಹೋದ ತಿಂಗಳು ದೊಡ್ಡವಳು, "ಅತ್ತೆ, ನಮ್ಗೆ ಮಾತ್ರ ಯಾಕೆ ಎಣ್ಣೆ ಹಾಕಲ್ಲ?" ಎಂದು ಕೇಳಿದಳು.

ಕಲ್ಲಿನ ಅಂಗಡಿಯಿಂದ ಬಂದ ಮರುದಿನ ನಾನು ನಂಜುಂಡನ ಮನೆಗೆ ಹೋದೆ. ಹೆಂಡತಿ ಮಕ್ಕಳನ್ನು ಹೊರಗೆ ಕಳಿಸಿ ಹೇಳಿದೆ. "ನಂಜುಂಡ, ಆವತ್ತು ಬಿಸ್ನೀರಲ್ಲ ಕಣೋ. ನಾನು ಕಲ್ಲಲ್ಲಿ ಉಜ್ಜಿ ತೆಗೆದೆ. ನೀನು ಮಲಗಿದ್ದಾಗ."

ಅವನು ಗೊಳ್ಳೆಂದು ನಕ್ಕ. "ಸಾಕು ಬುಡಕ್ಕ, ಹುಡುಗೀಗೆ ಎಣ್ಣೆ ಹಾಕ್ಸೋಕೆ ಏನೆಲ್ಲ ಕತೆ ಕಟ್ತೀಯ!"

"ಕತೆ ಅಲ್ಲ ಕಣೋ. ಶಿವನಾಣೆ."

"ನನ್ನ ತಪ್ಪನ್ನ ನಿನ್ನ ಮೈಮೇಲೆ ಹಾಕ್ಕೋಬ್ಯಾಡ. ನೀನು ಅಂಥೋಳಾ? ನಂಗೆ ಗೊತ್ತಿಲ್ವ?" ಎಂದು ಎದ್ದು ಅಂಗಿ ಹಾಕಿಕೊಂಡ. ಸಂಜೆಯೊಳಗೆ ಹೆಂಡತಿಗೆ, ದರ್ಜಿ ಸಾಬರಿಗೆ, ನಮ್ಮ ಯಜಮಾನರಿಗೆ ಎಲ್ಲರಿಗೂ ಹೇಳಿದ್ದಾನೆ. ತಮ್ಮನ ಮನಸ್ಸು ಹಗುರ ಮಾಡಲು ಇಲ್ಲದ ಅಪರಾಧ ಹೊರಲು ಬಂದಳಂತೆ, ಇಂಥ ಅಕ್ಕ ಯಾರಿಗುಂಟು ಅಂತ. ಸಾಬರು ನನ್ನನ್ನು ಕಂಡು ಕೈಮುಗಿದರು. ಯಜಮಾನರೂ ಆವತ್ತಿನಿಂದ ನನ್ನೊಡನೆ ಮೆತ್ತಗೆ ಮಾತಾಡುತ್ತಿದ್ದಾರೆ. ಹದಿಮೂರು ವರ್ಷ ಸುಳ್ಳು ಹೇಳಿದ್ದಕ್ಕಿಂತ ಒಂದು ದಿನ ನಿಜ ಹೇಳಿದ್ದರಿಂದ ನನಗೆ ಹೆಚ್ಚು ಹೆಸರು ಬಂದಿದೆ.

ಬಾಯಿಮಾತಿಗೆ ಬೆಲೆ ಇಲ್ಲವೆಂದು ಅಚ್ಚಿಗೆ ಕೊಡುತ್ತಿದ್ದೇನೆ. ಇದರ ಮೊಳೆ ಜೋಡಿಸುವವರು ಯಜಮಾನರೇ, ಒಂದಕ್ಷರ ಬಿಡಬಾರದು ಎಂದು ಹೇಳಿದ್ದೇನೆ. ನಂಜುಂಡ ಇದನ್ನು ಓದಿಯೂ ನಗಬಹುದು. ಅದಕ್ಕೇ, ಇದುವರೆಗೆ ಯಾರಿಗೂ ಹೇಳದ, ಕತೆ ಕಟ್ಟುವವರಿಗೆ ಹೊಳೆಯದ ಒಂದು ಸಂಗತಿ ಬರೆಯುತ್ತೇನೆ. ಉಜ್ಜಲು ಶುರು ಮಾಡಿದ ಸ್ವಲ್ಪ ಹೊತ್ತಿಗೆ ಅವನು ನಿದ್ದೆಯಲ್ಲೇ ಬೆರಳನ್ನು ಎಳೆದುಕೊಂಡ. ಕಂಬಳಿಯೊಳಗೆ ಸೇರಿಸಿ ಮುಷ್ಟಿ ಕಟ್ಟಿದ. ನಾನು ಕಂಬಳಿ ಎತ್ತಿ, ಆ ಮುಷ್ಟಿಯನ್ನು ಒಂದೊಂದೇ ಬೆರಳಾಗಿ ಬಿಡಿಸಿ, ಬೇಕಾದ ಬೆರಳನ್ನು ಮತ್ತೆ ಹೊರಗೆ ತೆಗೆದೆ.